ಬಿದ್ದವನನ್ನು ಎತ್ತುವವರು ಯಾರು?

ಮೊಬೈಲ್ ಗೇಮ್ ಅಂದ ಕೂಡಲೇ ನಮ್ಮಲ್ಲಿ ಮಾತು ಚಟದ ಕಡೆಗೆ ಹೊರಳುತ್ತದೆ. ಎಷ್ಟು ಹೊತ್ತು ಆಡುತ್ತಾರೆ, ಕಣ್ಣು ಏನಾಗುತ್ತದೆ, ಓದು ಏನಾಗುತ್ತದೆ, ದುಡ್ಡು ಎಷ್ಟು ಹೋಗುತ್ತದೆ ಎಂಬ ಚಿಂತೆ. ಆ ಚಿಂತೆ ಸುಳ್ಳಲ್ಲ. ಆದರೆ ಅಷ್ಟು ಹೊತ್ತು ಆಡುವಾಗ ಆಟದ ಒಳಗೆ ಏನು ನಡೆಯುತ್ತದೆ, ಅಲ್ಲಿ ಒಬ್ಬರು ಇನ್ನೊಬ್ಬರ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಎಂದು ನಾವು ಕೇಳುವುದೇ ಇಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಅದರ ಬಗ್ಗೆ. ಇಂಟರ್ನೆಟ್ಟಿನಲ್ಲಿ ಹಲವರು ಸೇರಿ ಆಡುವ ಶೂಟಿಂಗ್ ಆಟಗಳಲ್ಲಿ ಹೆಸರಿಗೆ ತಂಡವಿರುತ್ತದೆ, ಆಟ ಮಾತ್ರ ಒಬ್ಬೊಬ್ಬರದ್ದು ಒಂದೊಂದು ದಾರಿ. ನಾನು ಈ ಆಟಗಳನ್ನು ಇಷ್ಟಪಟ್ಟು ಆಡುವವನು. ಇಷ್ಟವಿರುವುದರಿಂದಲೇ ಇದನ್ನು ನೋಡಿ ಸಂಕಟವಾಗುತ್ತದೆ.

ಇಂಥ ಆಟ ನೋಡದವರಿಗಾಗಿ ಒಂದನ್ನು ಬಿಡಿಸಿ ಹೇಳುತ್ತೇನೆ. ಪಬ್‌ಜಿ ಎಂಬ ಹೆಸರು ನೀವೆಲ್ಲ ಕೇಳಿದ್ದೀರಿ. 2018ರಲ್ಲಿ ಅದು ಮೊಬೈಲಿಗೆ ಬಂತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಅದೂ ಹೋಯಿತು. 2021ರ ಜುಲೈನಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೊಸ ಹೆಸರಿನಲ್ಲಿ ತಿರುಗಿ ಬಂತು. ಮರುವರ್ಷ ಜುಲೈನಲ್ಲಿ ಮತ್ತೆ ತಡೆ, 2023ರ ಮೇ ತಿಂಗಳಲ್ಲಿ ಮತ್ತೆ ಬಿಡುಗಡೆ. ಹುಡುಗರು ಈಗ ಅದನ್ನು ಬಿಜಿಎಂಐ ಎನ್ನುತ್ತಾರೆ. ನೂರು ಜನ ಒಂದು ವಿಮಾನದಿಂದ ಧುಮುಕುತ್ತಾರೆ. ಕೆಳಗೆ ಎರಾಂಗೆಲ್ ಎಂಬ ದ್ವೀಪ, ಎಂಟು ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಖಾಲಿ ಕೈಯಲ್ಲಿ ಇಳಿದು ಮನೆಮನೆ ಹೊಕ್ಕು ಬಂದೂಕು, ಗುಂಡು, ಹೆಲ್ಮೆಟ್ಟು, ಔಷಧಿ ಹುಡುಕಬೇಕು. ಆಡುವ ಜಾಗ ಸುತ್ತಲಿಂದ ಕಿರಿದಾಗುತ್ತ ಬರುತ್ತದೆ. ಕೊನೆಗೆ ಯಾವ ತಂಡ ಉಳಿಯುತ್ತದೋ ಅದು ಗೆದ್ದಂತೆ. ತಂಡ ಅಂದರೆ ನಾಲ್ಕು ಜನ. ಅದನ್ನು ಸ್ಕ್ವಾಡ್ ಎನ್ನುತ್ತಾರೆ.

ಈ ಆಟದಲ್ಲಿ ನನಗೆ ತುಂಬ ಮೆಚ್ಚುಗೆಯಾದ ಒಂದು ನಿಯಮವಿದೆ. ಗುಂಡು ತಾಗಿದವನು ತಕ್ಷಣ ಸಾಯುವುದಿಲ್ಲ. ಮೊಣಕಾಲೂರಿ ಬೀಳುತ್ತಾನೆ. ಇದಕ್ಕೆ ನಾಕ್ ಆಗುವುದು ಎನ್ನುತ್ತಾರೆ. ಬಿದ್ದವನು ತೆವಳಬಲ್ಲ, ಬಂದೂಕು ಹಿಡಿಯಲಾರ. ಅವನ ಜೀವ ಸ್ವಲ್ಪ ಸ್ವಲ್ಪವೇ ಸೋರಿಹೋಗುತ್ತಿರುತ್ತದೆ. ಜೊತೆಗಾರ ಪಕ್ಕಕ್ಕೆ ಬಂದು ಸುಮಾರು ಹತ್ತು ಸೆಕೆಂಡ್ ಅಲ್ಲೇ ಕೂತರೆ ಬಿದ್ದವನು ಏಳುತ್ತಾನೆ. ಆ ಹತ್ತು ಸೆಕೆಂಡ್ ಎತ್ತುವವನೂ ಗುಂಡು ಹಾರಿಸುವಂತಿಲ್ಲ, ಓಡುವಂತಿಲ್ಲ. ಬೇರೆಯವನಿಗಾಗಿ ತನ್ನನ್ನು ಗುರಿಗೆ ಒಡ್ಡಿಕೊಂಡು ಕೂರಬೇಕು. ಬುದ್ಧಿವಂತನಾದರೆ ಮೊದಲು ಸ್ಮೋಕ್ ಗ್ರೆನೇಡ್ ಎಸೆದು, ಬಿಳಿ ಹೊಗೆಯ ಮರೆ ಮಾಡಿಕೊಂಡು ಬರುತ್ತಾನೆ. ಉಳಿದಿಬ್ಬರು ಎರಡು ಕಡೆ ಕಾವಲು ನಿಲ್ಲುತ್ತಾರೆ. ನಾಲ್ಕು ಜನ ನಿಜವಾಗಿ ತಂಡವೋ ಅಲ್ಲವೋ ಎಂಬುದು ಈ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

ಹೆಚ್ಚಿನ ಸಲ ಗೊತ್ತಾಗುವುದು ಅಲ್ಲ ಎಂದೇ. ಗುರುತಿಲ್ಲದ ನಾಲ್ವರನ್ನು ಆಟವೇ ಒಟ್ಟು ಹಾಕಿದಾಗ, ಅಂದರೆ ಹುಡುಗರ ಮಾತಿನಲ್ಲಿ ರ್‍ಯಾಂಡಮ್ ಸ್ಕ್ವಾಡ್‌ನಲ್ಲಿ, ಆಗುವುದು ಹೀಗೆ. ಮೂವರು ಒಂದು ಊರಿಗೆ ಗುರುತು ಹಾಕುತ್ತಾರೆ. ನಾಲ್ಕನೆಯವನು ಮಾತಿಲ್ಲದೆ ಪೊಚಿಂಕಿಗೆ ಹಾರುತ್ತಾನೆ. ನಕ್ಷೆಯ ಮಧ್ಯದ ಆ ಊರಿನಲ್ಲಿ ಇಳಿದ ಕೂಡಲೇ ಜಗಳ ಸಿಗುತ್ತದೆ. ಅವನು ಅಲ್ಲಿ ಒಬ್ಬನೇ ಬಿದ್ದು, ಅರ್ಧ ಕಿಲೋಮೀಟರ್ ದೂರದಿಂದ 'ರಿವೈವ್, ರಿವೈವ್' ಎಂದು ಕೂಗುತ್ತಾನೆ. ಯಾರೂ ಬರದಿದ್ದರೆ ಬೈದು ಆಟ ಬಿಟ್ಟುಹೋಗುತ್ತಾನೆ. ಇನ್ನೊಬ್ಬ ಎಂಟು ಫಸ್ಟ್ ಏಡ್ ಕಿಟ್ ಹೊತ್ತು ತಿರುಗುತ್ತಾನೆ, ಪಕ್ಕದವನು ರಕ್ತ ಸುರಿಸುತ್ತ ಒಂದು ಕೇಳಿದರೆ ಕೊಡುವುದಿಲ್ಲ. ಇದಕ್ಕಿಂತ ಕೆಟ್ಟದ್ದೂ ಇದೆ. ಜೊತೆಗಾರ ಬಿದ್ದಿದ್ದಾನೆ, ಸುತ್ತ ಶತ್ರುಗಳಿಲ್ಲ, ಎತ್ತಲು ಸಮಯವಿದೆ. ಆದರೂ ಒಬ್ಬ ಸುಮ್ಮನೆ ಪಕ್ಕದಲ್ಲಿ ನಿಂತು ಕಾಯುತ್ತಾನೆ. ಬಿದ್ದವನು ಸತ್ತರೆ ಅವನ ಸಾಮಾನೆಲ್ಲ ಒಂದು ಕ್ರೇಟ್ ಆಗಿ ಉಳಿಯುತ್ತದೆ. ಅದರೊಳಗೆ ದೂರದ್ದನ್ನು ಎಂಟು ಪಟ್ಟು ಹಿಗ್ಗಿಸಿ ತೋರಿಸುವ ಸ್ಕೋಪ್ ಇದೆ ಎಂದು ಇವನಿಗೆ ಗೊತ್ತು.

ಇದನ್ನು ನೋಡಿದವರು ಸಾಮಾನ್ಯವಾಗಿ 'ಈಗಿನ ಹುಡುಗರೇ ಹೀಗೆ, ಸ್ವಾರ್ಥಿಗಳು' ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಇದೇ ಹುಡುಗರು ಹಾಸ್ಟೆಲಿನಲ್ಲಿ ಗೆಳೆಯನಿಗೆ ಜ್ವರ ಬಂದರೆ ರಾತ್ರಿಯೆಲ್ಲ ಎಚ್ಚರವಿದ್ದು ನೋಡಿಕೊಳ್ಳುತ್ತಾರೆ. ಆಟದೊಳಗೆ ಬಂದ ತಕ್ಷಣ ಅವರ ಸ್ವಭಾವ ಹೇಗೆ ಬದಲಾಗುತ್ತದೆ? ನನ್ನ ಉತ್ತರ ಇದು: ಆಟ ಏನನ್ನು ಎಣಿಸಿ ತೋರಿಸುತ್ತದೋ, ಆಡುವವರು ಅದಕ್ಕಾಗಿ ಆಡುತ್ತಾರೆ. ಬಹುಪಾಲು ಶೂಟಿಂಗ್ ಆಟಗಳು ಮೊದಲಿನಿಂದಲೂ ದೊಡ್ಡ ಅಕ್ಷರದಲ್ಲಿ ಎಣಿಸಿ ತೋರಿಸುತ್ತ ಬಂದಿರುವುದು ಕಿಲ್ ಒಂದನ್ನೇ. ಎಷ್ಟು ಜನರನ್ನು ಹೊಡೆದೆ, ಒಂದು ಸಾವಿಗೆ ಎಷ್ಟು ಕಿಲ್. ಆ ಸರಾಸರಿಗೆ ಹುಡುಗರು ಕೆಡಿ ಎನ್ನುತ್ತಾರೆ. ಪ್ರೊಫೈಲ್ ತೆರೆದರೆ ಎಲ್ಲರ ಕಣ್ಣು ಹೋಗುವುದು ಅದರ ಮೇಲೆ. ಹೊಸಬ ತಂಡ ಸೇರಲು ಬಂದರೆ ಮೊದಲ ಪ್ರಶ್ನೆ, 'ಕೆಡಿ ಎಷ್ಟು ಬ್ರೋ?' ಎಷ್ಟು ಜನರನ್ನು ಎತ್ತಿದ್ದೀಯ ಎಂದು ಕೇಳುವವರಿಲ್ಲ. ಒಬ್ಬ ಗುಂಡು ಹೊಡೆದು ಎದುರಾಳಿಯ ಜೀವವನ್ನು ಮುಕ್ಕಾಲು ಇಳಿಸಿರುತ್ತಾನೆ, ಇನ್ನೊಬ್ಬ ಕೊನೆಯ ಗುಂಡು ಹೊಡೆಯುತ್ತಾನೆ. ಆಗ ಒಂದೇ ತಂಡದೊಳಗೆ 'ಕಿಲ್ ಚೋರ್' ಎಂಬ ಬೈಗುಳ ಏಳುತ್ತದೆ. ಎದುರಾಳಿ ಬಿದ್ದದ್ದು ಇಬ್ಬರಿಗೂ ಲಾಭವೇ. ಆದರೂ ಜಗಳ, ಯಾಕೆಂದರೆ ಲೆಕ್ಕ ಒಬ್ಬರ ಖಾತೆಗೆ ಹೋಯಿತು.

ಈ ಮಾತಿಗೆ ಆಟಗಳ ಇತಿಹಾಸದಲ್ಲೇ ಸಾಕ್ಷಿಯಿದೆ. 2007ರಲ್ಲಿ ಕಾಲ್ ಆಫ್ ಡ್ಯೂಟಿ ಸರಣಿಯ ನಾಲ್ಕನೆಯ ಆಟ, ಮಾಡರ್ನ್ ವಾರ್‌ಫೇರ್, ಬಂತು. ಅದರಲ್ಲಿ ಸಾಯದೆ ಸತತವಾಗಿ ಮೂವರನ್ನು ಹೊಡೆದರೆ ಶತ್ರುಗಳಿರುವ ಜಾಗ ತೋರಿಸುವ ರಾಡಾರ್, ಐವರನ್ನು ಹೊಡೆದರೆ ವಿಮಾನದಾಳಿ, ಏಳು ಜನರನ್ನು ಹೊಡೆದರೆ ಹೆಲಿಕಾಪ್ಟರ್. ಇದು ಕಿಲ್‌ಸ್ಟ್ರೀಕ್. ಅದೇ ಆಟದಲ್ಲಿ ಡಾಮಿನೇಷನ್ ಎಂಬ ವಿಧಾನವಿದೆ. ಮೂರು ಬಾವುಟಗಳಿರುತ್ತವೆ, ಹೆಚ್ಚು ಬಾವುಟ ಹೆಚ್ಚು ಹೊತ್ತು ಹಿಡಿದುಕೊಂಡ ತಂಡ ಗೆಲ್ಲುತ್ತದೆ. ಬಾವುಟ ಹಿಡಿಯಬೇಕಾದರೆ ಅದರ ಪಕ್ಕ ಬಯಲಿನಲ್ಲಿ ನಿಲ್ಲಬೇಕು, ನಿಂತರೆ ಗುಂಡು ಬೀಳುವ ಸಂಭವ ಹೆಚ್ಚು, ಸತ್ತರೆ ಕಿಲ್‌ಸ್ಟ್ರೀಕ್ ಮುರಿಯುತ್ತದೆ. ಹೀಗಿರುವಾಗ ಯಾರು ನಿಲ್ಲುತ್ತಾರೆ? ಒಬ್ಬಿಬ್ಬರು ಪಾಪದವರು ಬಾವುಟದ ಹತ್ತಿರ ಸತ್ತು ಸತ್ತು ಹುಟ್ಟುತ್ತಾರೆ. ಉಳಿದವರು ಮೂಲೆಯ ಕಿಟಕಿ ಹಿಡಿದು ಐದನೆಯ ಕಿಲ್ಲಿಗೆ ಕಾಯುತ್ತಾರೆ. ಕೊನೆಗೆ ತಂಡ ಸೋಲುತ್ತದೆ. ಕಿಟಕಿಯಲ್ಲಿ ಕೂತವನ ಹೆಸರು ಪಟ್ಟಿಯ ಮೇಲ್ತುದಿಯಲ್ಲಿರುತ್ತದೆ, ಅವನು 'ನನ್ನ ತಂಡ ಸರಿಯಿಲ್ಲ' ಎಂದು ಹೊರಡುತ್ತಾನೆ.

ತಯಾರಕರಿಗೂ ಇದು ಕಾಣಿಸದೇ ಇರಲಿಲ್ಲ. ಅದೇ ಸರಣಿಯಲ್ಲಿ 2012ರಲ್ಲಿ ಬಂದ ಬ್ಲ್ಯಾಕ್ ಆಪ್ಸ್ 2 ಎಂಬ ಆಟ ಕಿಲ್‌ಸ್ಟ್ರೀಕ್ ತೆಗೆದು ಸ್ಕೋರ್‌ಸ್ಟ್ರೀಕ್ ತಂದಿತು. ಬಾವುಟ ಹಿಡಿದರೂ ಅಂಕ, ಕಾದರೂ ಅಂಕ. ಆ ಅಂಕ ಸೇರಿದಾಗಲೂ ರಾಡಾರ್, ಹೆಲಿಕಾಪ್ಟರ್ ಸಿಗುತ್ತದೆ. ಮನುಷ್ಯರು ಹಳಬರೇ, ಲೆಕ್ಕದ ಪುಸ್ತಕ ಬದಲಾಯಿತು. ಆಗ ಬಾವುಟದ ಹತ್ತಿರ ನಿಲ್ಲುವುದೂ ಜಾಣತನವಾಯಿತು. ನನ್ನ ದೃಷ್ಟಿಯಲ್ಲಿ ಇದು ದೊಡ್ಡ ಪಾಠ. ಸ್ವಾರ್ಥವನ್ನು ಬೈದು ಬಿಡಿಸುವುದಕ್ಕಿಂತ, ಸ್ವಾರ್ಥಿಯ ಲಾಭವೂ ತಂಡದ ಲಾಭವೂ ಒಂದೇ ಕಡೆ ಸೇರುವಂತೆ ಆಟ ಕಟ್ಟುವುದು ಹೆಚ್ಚು ಕೆಲಸ ಮಾಡುತ್ತದೆ.

ಆದರೆ ಎಣಿಸುವುದರಲ್ಲೂ ಅಪಾಯವಿದೆ. 2016ರಲ್ಲಿ ಬಂದ ಓವರ್‌ವಾಚ್ ಎಂಬ ಆಟದಲ್ಲಿ ಆರು ಆರು ಜನರ ತಂಡವಿತ್ತು. ಆಟಗಾರರು ಒಬ್ಬರನ್ನೊಬ್ಬರು ದೂರಬಾರದೆಂದು ತಯಾರಕರು ಎಲ್ಲರ ಅಂಕಪಟ್ಟಿಯನ್ನು ಎಲ್ಲರಿಗೂ ತೋರಿಸಲಿಲ್ಲ. ಅದರ ಬದಲು ನಿಮ್ಮ ತಂಡದೊಳಗೆ ನೀವು ಯಾವ ಕೆಲಸದಲ್ಲಿ ಮುಂದಿದ್ದೀರಿ ಎಂದು ಚಿನ್ನ, ಬೆಳ್ಳಿ, ಕಂಚಿನ ಪದಕ ಕೊಟ್ಟರು. ಉದ್ದೇಶ ಒಳ್ಳೆಯದು. ಆಟಗಾರರು ಅದನ್ನೇ ಆಯುಧ ಮಾಡಿಕೊಂಡರು. ತಂಡ ಸೋಲುತ್ತಿದ್ದರೆ 'ಡ್ಯಾಮೇಜ್‌ನಲ್ಲಿ ನನಗೇ ಚಿನ್ನ, ಉಳಿದವರು ಏನು ಮಾಡುತ್ತಿದ್ದೀರಿ?' ಎಂಬ ಕೂಗಾಟ. 2022ರಲ್ಲಿ ಎರಡನೆಯ ಆವೃತ್ತಿ ಬಂದಾಗ ಪದಕಗಳನ್ನು ತೆಗೆದು ಎಲ್ಲರಿಗೂ ಕಾಣುವ ಅಂಕಪಟ್ಟಿ ಹಾಕಿದರು. ಅದರಿಂದ ದೂರು ತಪ್ಪುತ್ತದೆ ಎಂದು ನನಗನ್ನಿಸುವುದಿಲ್ಲ. ದೂರಲು ಬೇಕಾದ ಅಂಕಿ ಈಗ ಎಲ್ಲರ ಕೈಗೂ ಸಿಕ್ಕಿತು, ಅಷ್ಟೆ.

ಓವರ್‌ವಾಚ್ ಹೆಸರು ಬಂತು ಅಂದಮೇಲೆ ಇನ್ನೊಂದು ಮಾತು ಹೇಳಲೇಬೇಕು. ಅದರಲ್ಲಿ ಮೂರು ಬಗೆಯ ಪಾತ್ರಗಳು. ಮುಂದೆ ನಿಂತು ಹೊಡೆತ ತಿನ್ನುವವರು, ಗುಂಡು ಹೊಡೆಯುವವರು, ಹಿಂದೆ ನಿಂತು ಗಾಯ ವಾಸಿ ಮಾಡುವವರು. ಎಲ್ಲರಿಗೂ ಗುಂಡು ಹೊಡೆಯುವುದೇ ಬೇಕು. ಆರು ಜನರಲ್ಲಿ ಐವರು ಅದನ್ನೇ ಆರಿಸಿಕೊಂಡು, ಆರನೆಯವನನ್ನು 'ನೀನು ಹೀಲರ್ ಆಗು' ಎಂದು ಗದರಿಸುವುದು ದಿನನಿತ್ಯದ ದೃಶ್ಯವಾಗಿತ್ತು. ಕೊನೆಗೆ 2019ರಲ್ಲಿ ಕಂಪನಿಯೇ ನಿಯಮ ಮಾಡಿತು: ಪ್ರತಿ ತಂಡದಲ್ಲೂ ಈ ಮೂರು ಕೆಲಸಕ್ಕೆ ಇಬ್ಬಿಬ್ಬರು, ಯಾವ ಕೆಲಸವೆಂದು ಆಟ ಶುರುವಾಗುವ ಮೊದಲೇ ಆರಿಸಬೇಕು. ಆಗ ಗುಂಡು ಹೊಡೆಯುವವರ ಸಾಲು ಉದ್ದವಾಗಿ ಅವರು ಹೆಚ್ಚು ಹೊತ್ತು ಕಾಯಬೇಕಾಯಿತು. ಆರೈಕೆ ಮಾಡಲು ಒಪ್ಪಿದವರಿಗೆ ಬೇಗ ಆಟ ಸಿಗತೊಡಗಿತು. ಯಾವ ಕೆಲಸಕ್ಕೆ ಜನ ಕಡಿಮೆ ಎಂಬುದು ಆ ಕಾಯುವ ಹೊತ್ತಿನಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಆರೈಕೆಯ ಕೆಲಸವನ್ನು ಬೇರೆಯವರ ಮೇಲೆ ಹೊರಿಸುವುದು ವ್ಯಾಲೊರಂಟ್ ಆಟದಲ್ಲೂ ಇದೆ. ಅಲ್ಲಿ ಸೇಜ್ ಎಂಬ ಪಾತ್ರಕ್ಕೆ ಗಾಯ ವಾಸಿಮಾಡುವ, ಸತ್ತವನನ್ನು ಬದುಕಿಸುವ ಶಕ್ತಿಯಿದೆ. ಹುಡುಗಿಯೊಬ್ಬಳು ತಂಡಕ್ಕೆ ಬಂದರೆ ಕೇಳದೆಯೇ ಸೇಜ್ ಪಾತ್ರ ಅವಳ ಪಾಲಿಗೆ ಎಂದು ತೀರ್ಮಾನಿಸಿಬಿಡುವ ಹುಡುಗರಿದ್ದಾರೆ. ಮನೆಯೊಳಗಿನ ಅಭ್ಯಾಸ ಆಟದೊಳಗೂ ನುಗ್ಗಿದೆ.

ಹುಡುಗಿಯರ ಮಾತು ಬಂತು, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಆಟಗಳಲ್ಲಿ ಮಾತಾಡಲು ಮೈಕ್ ಇರುತ್ತದೆ. ತಂಡದ ಆಟಕ್ಕೆ ಅದೇ ಜೀವಾಳ. ಮೈಕಿನಲ್ಲಿ ಹೆಣ್ಣುದನಿ ಕೇಳಿದ ಮರುಕ್ಷಣ ಕೆಲವರು ಶುರುಮಾಡುವ ಮಾತುಗಳನ್ನು ಆಕಾಶವಾಣಿಯಲ್ಲಿ ಹೇಳುವಂತಿಲ್ಲ. ಹೀಗಾಗಿ ಚೆನ್ನಾಗಿ ಆಡುವ ಎಷ್ಟೋ ಹುಡುಗಿಯರು ಮೈಕ್ ಆಫ್ ಮಾಡಿಕೊಂಡು, ಗಂಡಸಿನ ಹೆಸರಿಟ್ಟುಕೊಂಡು ಆಡುತ್ತಾರೆ. ಹಿಂದಿನಿಂದ ಶತ್ರು ಬರುತ್ತಿರುವುದು ಅವರಿಗೆ ಕಾಣುತ್ತದೆ, ಹೇಳಲಾರರು. ತಂಡ ಸೋಲುತ್ತದೆ. ಬೈಗುಳ ಬರೀ ನಡತೆಯ ದೋಷ ಎಂದುಕೊಂಡವರು ಇದನ್ನು ಗಮನಿಸಬೇಕು. ಬೈಯುವವನು ತನ್ನ ತಂಡದ ಕಣ್ಣನ್ನು ತಾನೇ ಕೀಳುತ್ತಾನೆ.

ಮುಖ ಕಾಣದಿರುವುದು ಇದಕ್ಕೆಲ್ಲ ಒಂದು ಕಾರಣ. ಎರಡು ದಶಕದ ಹಿಂದೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಸೈಬರ್ ಕೆಫೆಗಳಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು ಕೌಂಟರ್ ಸ್ಟ್ರೈಕ್ ಆಡಿದವರು ನನ್ನ ವಯಸ್ಸಿನವರಲ್ಲಿ ಬಹಳ ಜನ ಇದ್ದಾರೆ. 1999ರಲ್ಲಿ ಇಬ್ಬರು ಯುವಕರು ಇನ್ನೊಂದು ಆಟದ ಮೇಲೆ ಹವ್ಯಾಸಕ್ಕೆಂದು ಕಟ್ಟಿದ ಆಟ ಅದು. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಂಡ ತಡೆಯಬೇಕು. ಬಾಂಬ್ ಹೊತ್ತವನು ಕಿಲ್ಲಿನ ಆಸೆಗೆ ಎಲ್ಲೆಲ್ಲೋ ಓಡಿ, ಸಮಯ ಮುಗಿದು ಸೋತರೆ, ಪಕ್ಕದ ಕುರ್ಚಿಯವನು ತಿರುಗಿ 'ಏನ್ ಮಗಾ ಮಾಡ್ದೆ?' ಎಂದು ಮುಖಕ್ಕೇ ಕೇಳುತ್ತಿದ್ದ. ಆಮೇಲೆ ಅವನ ಜೊತೆಯೇ ಟೀ ಕುಡಿಯಬೇಕು, ಮರುದಿನ ಅವನ ಜೊತೆಯೇ ಆಡಬೇಕು. ಆ ಸಂಕೋಚವೇ ಅರ್ಧ ಶಿಸ್ತು ಕಲಿಸುತ್ತಿತ್ತು. ಈಗ ಒಂದು ಬಟನ್ ಒತ್ತಿದರೆ ಸ್ಕ್ವಾಡ್‌ನಲ್ಲಿ ಜೊತೆಗಿದ್ದ ಮೂವರೂ ಮಾಯ, ಮುಂದಿನ ಪಂದ್ಯಕ್ಕೆ ಬೇರೆ ಮೂವರು. ಇನ್ನೊಮ್ಮೆ ಎದುರಾಗುವ ಭಯವಿಲ್ಲದ ಕಡೆ ದಾಕ್ಷಿಣ್ಯ ಉಳಿಯುವುದು ಕಷ್ಟ.

ನಮ್ಮ ದೇಶದಲ್ಲಿ ಭಾಷೆಯೂ ಸೇರಿಕೊಳ್ಳುತ್ತದೆ. ನಾಲ್ವರಲ್ಲಿ ಒಬ್ಬ ಇಂದೋರಿನವನು, ಒಬ್ಬ ಮದುರೈನವನು, ಒಬ್ಬ ವಾರಂಗಲ್‌ನವನು, ಒಬ್ಬ ನಮ್ಮ ದಾವಣಗೆರೆಯವನು ಇರಬಹುದು. ಒಂದು ಭಾಷೆ ಗೊತ್ತಿಲ್ಲವೆಂದು ಗೇಲಿ ಮಾಡಿ, ತಂಡದಿಂದ ದೂರವಿಟ್ಟು ಆಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹಾಗೆಯೇ ಮೈಕಿನಲ್ಲಿ ಯಾರೋ 'ಗುರು, ಕನ್ನಡನಾ?' ಎಂದಾಗ ಆಗುವ ಹಿಗ್ಗನ್ನೂ ಕಂಡಿದ್ದೇನೆ. ಆ ಒಂದು ಮಾತಿಗೆ ಅಪರಿಚಿತ ಹೋಗಿ ಪರಿಚಿತನಾಗುತ್ತಾನೆ, ಬಿದ್ದರೆ ಎತ್ತಲು ಓಡಿ ಬರುತ್ತಾನೆ. ಆದರೆ ಕನ್ನಡದವನಾಗಿದ್ದರೆ ಮಾತ್ರ ಎತ್ತುತ್ತೇನೆ ಎಂದಾದರೆ ಅದೂ ಸ್ವಾರ್ಥದ ಇನ್ನೊಂದು ರೂಪವೇ. 2019ರ ಫೆಬ್ರವರಿಯಲ್ಲಿ ಬಂದ ಏಪೆಕ್ಸ್ ಲೆಜೆಂಡ್ಸ್ ಎಂಬ ಆಟ ಭಾಷೆಯ ಈ ತೊಡಕಿಗೆ ಒಳ್ಳೆಯ ದಾರಿ ತೋರಿಸಿತು. ಅದರಲ್ಲಿ ಒಂದು ಬಟನ್ ಒತ್ತಿ ಶತ್ರು ಇಲ್ಲಿದ್ದಾನೆ, ಗುಂಡು ಬೇಕು, ಈ ಕಡೆ ಹೋಗೋಣ ಎಂದೆಲ್ಲ ಸನ್ನೆ ಮಾಡಬಹುದು. ಪಿಂಗ್ ಎನ್ನುತ್ತಾರೆ. ಒಂದು ಮಾತೂ ಆಡದೆ ಮೂವರು ಅಪರಿಚಿತರು ಕೊನೆಯವರೆಗೂ ಒಟ್ಟಿಗೆ ನಡೆಯುವುದು ಸಾಧ್ಯವಾಯಿತು. ಮಾತಾಡಲು ಅಂಜುವವರಿಗೂ ಅದರಿಂದ ದನಿ ಸಿಕ್ಕಿತು.

ಒಬ್ಬಂಟಿಯಾಗಿ ಬದುಕಲು ಆಗದಂತೆ ಆಟ ಕಟ್ಟಿದವರೂ ಇದ್ದಾರೆ. 2008ರ ಲೆಫ್ಟ್ 4 ಡೆಡ್‌ನಲ್ಲಿ ನಾಲ್ವರು ದೆವ್ವದಂಥ ಜನರ ಹಿಂಡಿನಿಂದ ಪಾರಾಗಬೇಕು. ಕೆಲವು ರಾಕ್ಷಸರು ಮೇಲೆ ಹಾರಿ ಕೆಡವುತ್ತಾರೆ, ಕೆಲವರು ನಾಲಿಗೆಯಲ್ಲಿ ಸುತ್ತಿ ಎಳೆಯುತ್ತಾರೆ. ಸಿಕ್ಕಿಬಿದ್ದವನು ತಾನಾಗಿ ಬಿಡಿಸಿಕೊಳ್ಳಲಾರ, ಜೊತೆಗಾರನೇ ಬಿಡಿಸಬೇಕು. ಬೀಗುತ್ತ ಮುಂದೆ ಓಡಿದವನು ಮೊದಲು ಸಾಯುತ್ತಾನೆ. ನಮ್ಮ ಕಬಡ್ಡಿಯಲ್ಲಿ ಈ ಬುದ್ಧಿ ಎಷ್ಟೋ ಹಿಂದಿನಿಂದ ಇದೆ. ಎದುರು ತಂಡದ ಒಬ್ಬ ಔಟಾದರೆ ಹೊರಗೆ ಕೂತ ನಮ್ಮವನೊಬ್ಬ ಒಳಗೆ ಬರುತ್ತಾನೆ. ರೈಡರ್ ತನ್ನ ಪಾಯಿಂಟ್ ತಂದರೆ ಅದರ ಜೊತೆಗೆ ಗೆಳೆಯನನ್ನೂ ಬದುಕಿಸಿ ತರುತ್ತಾನೆ. ಎರಡು ಬೇರೆ ಬೇರೆ ಕೆಲಸವಾಗಿ ಅವನಿಗೆ ಕಾಣುವುದೇ ಇಲ್ಲ. ಶಿಕ್ಷೆಯ ದಾರಿ ಹಿಡಿದವರೂ ಇದ್ದಾರೆ. ರೇನ್‌ಬೋ ಸಿಕ್ಸ್ ಸೀಜ್ ಎಂಬ ಆಟದಲ್ಲಿ ಬೇಕೆಂದೇ ಸ್ವಂತ ತಂಡದವರಿಗೆ ಗುಂಡು ಹೊಡೆಯುವವರ ಕಾಟ ವಿಪರೀತವಾಗಿತ್ತು. 2019ರಲ್ಲಿ ಆ ಪಿಡುಗಿಗೆ ಒಂದು ಮದ್ದು ತಂದರು: ಹಾಗೆ ಮಾಡಿ ಸಿಕ್ಕಿಬಿದ್ದವನು ಆಮೇಲೆ ಜೊತೆಗಾರನಿಗೆ ಗುಂಡು ಹೊಡೆದರೆ ಗಾಯ ಹೊಡೆದವನಿಗೇ. ಸರಿಯಾದ ಶಿಕ್ಷೆ.

'ಇದು ಬರೀ ಆಟ ತಾನೆ, ಯಾಕಿಷ್ಟು ತಲೆಬಿಸಿ' ಎನ್ನುವವರಿದ್ದಾರೆ. ಅವರಿಗೆ ನನ್ನ ಉತ್ತರ ಇದು: ಒಬ್ಬನೇ ಆಡಬೇಕೆನಿಸಿದರೆ ಸೋಲೋ ಎಂಬ ವಿಧಾನ ಬೇರೆಯೇ ಇದೆ, ಅಲ್ಲಿ ಯಾರನ್ನೂ ಎತ್ತಬೇಕಿಲ್ಲ, ಯಾರಿಗೂ ಔಷಧಿ ಕೊಡಬೇಕಿಲ್ಲ. ಅದನ್ನು ಬಿಟ್ಟು ಸ್ಕ್ವಾಡ್ ಒತ್ತಿದವನು ಮೂರು ಜನರ ಅರ್ಧ ಗಂಟೆಯನ್ನು ತನ್ನ ಕೈಗೆ ತೆಗೆದುಕೊಂಡಿದ್ದಾನೆ. ದಿನವಿಡೀ ದುಡಿದು ಬಂದ ಯಾರೋ ಒಬ್ಬನಿಗೆ ಆ ಅರ್ಧ ಗಂಟೆಯೇ ಆ ದಿನದ ಸಂತೋಷ. ಅದನ್ನು ಕೆಡಿಸುವುದು ಸಣ್ಣ ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ಗೆಲುವಿನ ಲೆಕ್ಕದಿಂದ ನೋಡಿದರೂ ಸ್ವಾರ್ಥ ದಡ್ಡತನವೇ. ದೊಡ್ಡ ಟೂರ್ನಿ ಆಡುವ ತಂಡಗಳನ್ನು ನೋಡಿ. 2022ರ ಕೊನೆಯಲ್ಲಿ ನಮ್ಮ ಸರ್ಕಾರವೂ ಇ-ಸ್ಪೋರ್ಟ್ಸ್ ಅನ್ನು ಬಹುಕ್ರೀಡಾ ಸ್ಪರ್ಧೆಗಳ ಭಾಗವೆಂದು ಒಪ್ಪಿಕೊಂಡಿದೆ, ಆದ್ದರಿಂದ ಇದನ್ನು ಕ್ರೀಡೆ ಎಂದೇ ಕರೆಯುತ್ತೇನೆ. ಅಂಥ ತಂಡದಲ್ಲಿ ಒಬ್ಬ ಐಜಿಎಲ್ ಇರುತ್ತಾನೆ, ಅಂದರೆ ಆಟದೊಳಗಿನ ನಾಯಕ. ಯಾವಾಗ ನುಗ್ಗಬೇಕು, ಯಾವ ಮನೆ ಹಿಡಿಯಬೇಕು ಎಂದು ಹೇಳುವುದು ಅವನ ಕೆಲಸ. ಅವನ ಕಿಲ್ ಕಡಿಮೆ ಇರುತ್ತದೆ, ಯಾಕೆಂದರೆ ಅವನ ಕಣ್ಣು ನಕ್ಷೆಯ ಮೇಲಿರುತ್ತದೆ. ಸಪೋರ್ಟರ್ ಎಂಬ ಇನ್ನೊಬ್ಬ ಸ್ಮೋಕ್ ಎಸೆಯುತ್ತಾನೆ, ಔಷಧಿ ಹಂಚುತ್ತಾನೆ, ಹಿಂದೆ ನಿಂತು ಬೆನ್ನು ಕಾಯುತ್ತಾನೆ. ವ್ಯಾಲೊರಂಟ್‌ನಲ್ಲಿ ಸುತ್ತು ಶುರುವಾಗುವ ಮೊದಲು ಆಟದ ಹಣ ಕೊಟ್ಟು ಬಂದೂಕು ಕೊಳ್ಳಬೇಕು. ಒಂದು ಒಳ್ಳೆಯ ವ್ಯಾಂಡಲ್ ಬಂದೂಕಿಗೆ 2900 ಕ್ರೆಡಿಟ್. ಹಣ ಕಡಿಮೆಯಿದ್ದವನಿಗೆ ಹೆಚ್ಚಿರುವವನು ಕೊಡಿಸುತ್ತಾನೆ. ತಂಡದ ಹತ್ತಿರ ಒಟ್ಟಾರೆ ಹಣವಿಲ್ಲದಿದ್ದರೆ ಐವರೂ ಒಂದು ಸುತ್ತು ಅಗ್ಗದ ಪಿಸ್ತೂಲಿನಲ್ಲೇ ಸುಧಾರಿಸಿಕೊಂಡು ಮುಂದಿನ ಸುತ್ತಿಗೆ ಉಳಿಸುತ್ತಾರೆ. ಆಗ ಒಬ್ಬ ಮಾತ್ರ ತನ್ನ ಪಾಡಿಗೆ ದುಬಾರಿ ಬಂದೂಕು ಕೊಂಡರೆ ಎರಡೂ ಸುತ್ತು ಹಾಳು. ಕೈ ಚುರುಕಿರುವ ಹುಡುಗರು ನಮ್ಮ ಊರೂರಿನಲ್ಲಿದ್ದಾರೆ. ಅವರಲ್ಲಿ ಬಹಳ ಜನ ಮೇಲಿನ ಹಂತಕ್ಕೆ ಹೋಗದಿರಲು, ಬೇರೆಯವರ ಜೊತೆ ಆಡಲು ಬಾರದಿರುವುದೂ ಒಂದು ಕಾರಣ.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಇಂಥ ಆಟವನ್ನು ನಡುವೆ ನಿಲ್ಲಿಸಿ ಇಡಲು ಆಗುವುದಿಲ್ಲ. ಊಟಕ್ಕೆ ಕರೆದು, ಬರಲಿಲ್ಲವೆಂದು ಫೋನ್ ಕಿತ್ತುಕೊಂಡರೆ ಇನ್ನೂ ಮೂರು ಮನೆಯ ಮಕ್ಕಳ ಆಟವೂ ಅಲ್ಲಿಗೆ ಮುರಿಯುತ್ತದೆ. ಬಿಜಿಎಂಐಯ ಒಂದು ಪಂದ್ಯ ಸುಮಾರು ಅರ್ಧ ಗಂಟೆ. ಎಂಟೂವರೆಗೆ ಊಟವಾದರೆ ಎಂಟರ ನಂತರ ಹೊಸ ಪಂದ್ಯ ಶುರು ಮಾಡಬಾರದೆಂದು ಮೊದಲೇ ಮಾತಾಡಿಕೊಳ್ಳಿ, ಶುರುವಾದ ಪಂದ್ಯವನ್ನು ಮುಗಿಸಲು ಬಿಡಿ. ಒಪ್ಪಿಕೊಂಡದ್ದನ್ನು ಅರ್ಧಕ್ಕೆ ಬಿಟ್ಟು ಬರಬಾರದೆಂದು ಬೇರೆಲ್ಲ ಕಡೆ ಕಲಿಸುವವರು ಇಲ್ಲೂ ಅದನ್ನೇ ಕಲಿಸೋಣ.

ಕನ್ನಡದಲ್ಲಿ ಆಟದ ನೇರಪ್ರಸಾರ ಮಾಡುವ ಗೆಳೆಯರಲ್ಲೂ ಒಂದು ಮಾತು. ನಿಮ್ಮನ್ನು ಸಾವಿರಾರು ಮಕ್ಕಳು ನೋಡುತ್ತಾರೆ. ಒಬ್ಬರೇ ನಾಲ್ವರನ್ನು ಹೊಡೆದ ತುಣುಕನ್ನು ಹಾಕುವ ಹಾಗೆ, ಹೊಗೆಯೊಳಗೆ ಕೂತು ಜೊತೆಗಾರನನ್ನು ಎತ್ತಿದ ತುಣುಕನ್ನೂ ಹಾಕಿ. ಅದನ್ನೂ ಹುರುಪಿನಿಂದ ಕೂಗಿ ಹೊಗಳಿ.

ಆಡುವ ಹುಡುಗ ಹುಡುಗಿಯರೇ, ನಿಮಗೆ ಕೊನೆಯದಾಗಿ ಹೇಳುತ್ತೇನೆ. ವಿಮಾನದಲ್ಲಿರುವಾಗಲೇ ಎಲ್ಲಿ ಇಳಿಯೋಣ ಎಂದು ಉಳಿದವರನ್ನು ಕೇಳಿ. ಇಬ್ಬರಿಗೆ ಬೇಕಾಗುವಷ್ಟು ಔಷಧಿ ನಿಮ್ಮಲ್ಲಿದ್ದರೆ ಕೇಳುವ ಮೊದಲೇ ಒಂದನ್ನು ಕೆಳಗಿಡಿ. ನಿಮ್ಮ ಚೀಲದಲ್ಲಿ ಎರಡು ಸ್ಮೋಕ್ ಗ್ರೆನೇಡ್ ಯಾವಾಗಲೂ ಇರಲಿ. ನೀವು ಬಿದ್ದಾಗ ಆಟ ಬಿಟ್ಟು ಓಡಬೇಡಿ, ಶತ್ರು ಎಲ್ಲಿದ್ದಾನೆಂದು ಹೇಳುತ್ತಾ ಇರಿ. ಯಾರಾದರೂ ಎತ್ತಿದರೆ ಅವರ ಊರು, ಭಾಷೆ ಯಾವುದೇ ಇರಲಿ, ಮೈಕ್ ಆನ್ ಮಾಡಿ ಥ್ಯಾಂಕ್ಸ್ ಹೇಳಿ.